ಎಕ್ಸ್220ರ 3ಜಿ ಸ್ಲಾಟಿಗೆ ಎಂ.2 ಎಸ್‌ಎಸ್‌ಡಿ ಕೂರ್ತಿಲ್ಲ, ಅಡಾಪ್ಟರ್ ಹಾಕಿದ್ರೆ ಆಗುತ್ತಾ?

ಏಲಕ್ಕಿಮಲೆ (ಸೋಮವಾರಪೇಟೆ)
ಎಲ್ಲರಿಗೂ ನಮಸ್ಕಾರ. ಮಷಿನ್ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪ್, ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಒಳಗೆ 320 ಜಿಬಿ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಡೇಟಾಗೆ ಹಾಗೇ ಇರ್ಲಿ, ವಿಂಡೋಸ್ ಮಾತ್ರ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್) ಮೇಲೆ ಓಡ್ಲಿ ಅನ್ನೋ ಲೆಕ್ಕ. ಕೈಲಿರೋದು 256 ಜಿಬಿ ಎಂ.2 ಎನ್‌ವಿಎಂಇ, 80 ಮಿ.ಮೀ. ಉದ್ದದ್ದು. ಅಂಗೈ ಇಡೋ ಪ್ಲೇಟಿನ ಅಡಿಯಲ್ಲಿ 3ಜಿ ಕಾರ್ಡಿನ ಸ್ಲಾಟ್ ಖಾಲಿ ಇದೆ. ಅದಕ್ಕೆ ಎಸ್‌ಎಸ್‌ಡಿ ಹಾಕಬಹುದು ಅಂತ ಎಲ್ಲಾ ಕಡೆ ಬರೆದಿದ್ದಾರೆ, ಆದ್ರೆ ಇದು ಕೂರೋದೇ ಇಲ್ಲ. ಅಡಾಪ್ಟರ್ ಇದೆಯಾ? ಮಡಿಕೇರಿ, ಕುಶಾಲನಗರದಲ್ಲಿ ಸಿಗದಿದ್ರೆ ಮೈಸೂರಿಂದ ತರಿಸ್ತೀನಿ.

ಸಾಲ್ಡರ್‌ಸುಬ್ಬ (ಮಡಿಕೇರಿ)
ಕೂರದೇ ಇದ್ದಿದ್ದೇ ಒಳ್ಳೇದಾಯ್ತು, ಒತ್ತಿ ಕೂರಿಸೋಕೆ ಹೋಗ್ಬೇಡಿ. ಅದು ಎಂ.2 ಸ್ಲಾಟೇ ಅಲ್ಲ, ಮಿನಿ ಪಿಸಿಐ ಎಕ್ಸ್‌ಪ್ರೆಸ್. 52 ಪಿನ್, ಕಾರ್ಡಿನ ಅಗಲ 30 ಮಿ.ಮೀ. ನಿಮ್ಮ ಕಾರ್ಡಿನ ಅಗಲ 22. ಅಲ್ಲಿಗೆ ಬೇಕಾಗಿರೋದು ಎಂಸಾಟಾ ಅನ್ನೋ ಜಾತಿಯ ಎಸ್‌ಎಸ್‌ಡಿ.

ಕರಿಮೆಣಸು (ಸುಂಟಿಕೊಪ್ಪ)
ಎಂ.2ನ ಎಂಸಾಟಾ ಮಾಡೋ ಅಡಾಪ್ಟರ್ ಆನ್‌ಲೈನಲ್ಲಿ ರಾಶಿ ಬಿದ್ದಿದೆ. ತಗೊಂಡು ಹಾಕಿ, ಮುಗೀತು.

ಸಾಲ್ಡರ್‌ಸುಬ್ಬ (ಮಡಿಕೇರಿ)
ಮುಗಿಯೋದು ದುಡ್ಡು ಅಷ್ಟೇ. ಆ ಅಡಾಪ್ಟರಲ್ಲಿ ಚಿಪ್ಪೇ ಇರಲ್ಲ, ಈ ಕಡೆ ಪಿನ್ನಿಂದ ಆ ಕಡೆ ಪಿನ್ನಿಗೆ ತಾಮ್ರದ ಗೆರೆ ಎಳೆದಿರ್ತಾರೆ. ಎಂ.2 ಅನ್ನೋದು ಕಾರ್ಡಿನ ಆಕಾರ ಅಷ್ಟೇ; ಎಂ.2 ರೂಪದ *ಸಾಟಾ* (ಹಾರ್ಡ್ ಡಿಸ್ಕ್ ಮಾತಾಡೋ ಭಾಷೆ) ಕಾರ್ಡಿಗೆ ಮಾತ್ರ ಕೆಲಸ ಮಾಡುತ್ತೆ. ಇವರ ಕೈಲಿರೋದು ಎನ್‌ವಿಎಂಇ. ಅದು ಮಾತಾಡೋದು ಪಿಸಿಐ ಎಕ್ಸ್‌ಪ್ರೆಸ್ ಅನ್ನೋ ಬೇರೆ ಭಾಷೆ, ಆ ಸ್ಲಾಟಿಗೆ ಬರೋದು ಸಾಟಾ. ತಂತಿ ಸೇರಿಸಿದ ಮಾತ್ರಕ್ಕೆ ಭಾಷೆ ಬದಲಾಗಲ್ಲ.

ಹಳೇಕೀಲಿಮಣೆ (ವಿರಾಜಪೇಟೆ)
ಸುಬ್ಬಣ್ಣ ಹೇಳಿದ್ದು ಸರಿ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಈ ಗೊಂದಲ ತಿಂಗಳಿಗೊಮ್ಮೆ ಬರುತ್ತೆ.

ಎಂಸಾಟಾ ಬಂದಿದ್ದು 2009ರಲ್ಲಿ. ಹೊಸ ಕನೆಕ್ಟರ್ ಮಾಡೋ ಬದಲು, ಲ್ಯಾಪ್‌ಟಾಪಲ್ಲಿ ಆಗಲೇ ಇದ್ದ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕನೆಕ್ಟರನ್ನೇ ಬಳಸ್ಕೊಂಡ್ರು. ಕಾರ್ಡಿನ ಅಳತೆನೂ ಅದೇ, 30 × 50.95 ಮಿ.ಮೀ. ಪಿನ್ 23, 25, 31, 33ರಲ್ಲಿ ಮಾಮೂಲಿ ಕಾರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ ಹರಿಯುತ್ತೆ, ಎಂಸಾಟಾ ಕಾರ್ಡಿಗೆ ಅದೇ ನಾಲ್ಕು ಪಿನ್ನಲ್ಲಿ ಸಾಟಾ. ಅಂದ್ರೆ ಕಣ್ಣಿಗೆ ಎರಡೂ ಸ್ಲಾಟ್ ಒಂದೇ. ಬೋರ್ಡ್ ಮಾಡಿದವನು ಆ ನಾಲ್ಕು ಪಿನ್ನಿಗೆ ಏನು ಎಳೆದಿದ್ದಾನೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

3ಜಿ ಸ್ಲಾಟೇ ಯಾಕೆ ಅಂದ್ರೆ, ಆ ಕಾಲದ 3ಜಿ ಮೋಡೆಮ್‌ಗಳು ಸಾಮಾನ್ಯವಾಗಿ ಯುಎಸ್‌ಬಿ ಮೇಲೆ ಓಡ್ತಿದ್ವು. ಯುಎಸ್‌ಬಿ ಇರೋದು 36, 38ನೇ ಪಿನ್ನಲ್ಲಿ. ಉಳಿದ ನಾಲ್ಕು ಖಾಲಿ, ಅಲ್ಲಿಗೆ ಸಾಟಾ ಎಳೆದ್ರೆ ಒಂದೇ ಸ್ಲಾಟಲ್ಲಿ ಎರಡು ಉಪಯೋಗ. ಥಿಂಕ್‌ಪ್ಯಾಡ್‌ಗಳಲ್ಲಿ 2011ರ ಎಕ್ಸ್220, ಟಿ420, ಟಿ520, 2012ರ ಎಕ್ಸ್230, ಟಿ430, ಟಿ530 ಇವೆಲ್ಲದರಲ್ಲೂ ಹೀಗೇ. ಪಕ್ಕದ ವೈಫೈ ಸ್ಲಾಟಿಗೆ ಎಂಸಾಟಾ ಹಾಕಿದ್ರೆ ಸುಡಲ್ಲ, ಆದ್ರೆ ಕಾಣಿಸೋದೂ ಇಲ್ಲ.

ಇನ್ನೂ ಹಳೇ ಕಾಲದ್ದು ಬೇರೆ ತಮಾಷೆ. ಆಸುಸ್ ಈ ಪಿಸಿ 901ರ ಒಳಗಿನ ಎಸ್‌ಎಸ್‌ಡಿಗೂ ಇದೇ ಥರದ ಕನೆಕ್ಟರ್ ಇದೆ. ಅದರಲ್ಲಿ ಹರಿಯೋದು ಅವರದೇ ಪಿನ್ ಜೋಡಣೆಯ ಐಡಿಇ (ಸಾಟಾಗಿಂತ ಹಿಂದಿನ ಡಿಸ್ಕ್ ಭಾಷೆ). ಅದಕ್ಕೆ ಎಂಸಾಟಾ ತಂದು ಹಾಕಬೇಡಿ.

ಏಲಕ್ಕಿಮಲೆ (ಸೋಮವಾರಪೇಟೆ)
ಈಗ ಅರ್ಥ ಆಯ್ತು ಸರ್. ಒಂದು ಡೌಟು. ಎಂ.2 ಕಾರ್ಡ್ ಸಾಟಾನೋ ಎನ್‌ವಿಎಂಇನೋ ಅಂತ ನೋಡಿದ ಕೂಡಲೇ ಹೇಗೆ ಹೇಳ್ತೀರಿ? ನನ್ನ ಕಾರ್ಡಲ್ಲಿ ಒಂದೇ ಕಚ್ಚು ಇದೆ.

ಮೂರನೇಸ್ಕ್ರೂ (ಗೋಣಿಕೊಪ್ಪ)
ಚಿನ್ನದ ಪಿನ್ನಿನ ಸಾಲು ನಿಮ್ಮ ಕಡೆಗೆ, ಚಿಪ್ಪಿರೋ ಮುಖ ಮೇಲೆ ಬರೋ ಹಾಗೆ ಹಿಡಿದು ಕಚ್ಚು ನೋಡಿ. ಒಂದು ತುದಿಗೆ ಹತ್ತಿರ, ಹೊರಗಡೆ ಐದೇ ಪಿನ್ ಉಳಿಯೋ ಥರ ಕಚ್ಚು ಒಂದೇ ಇದ್ರೆ ಎಂ ಕೀ (ಕಚ್ಚಿನ ಜಾಗಕ್ಕಿಟ್ಟ ಹೆಸರು). ಹಾಗಿರೋದು ಬಹುಪಾಲು ಎನ್‌ವಿಎಂಇ. ಎರಡೂ ತುದಿಯಲ್ಲಿ ಕಚ್ಚು ಇದ್ರೆ ಬಿ+ಎಂ ಕೀ, ಬಹುಪಾಲು ಸಾಟಾ.

"ಬಹುಪಾಲು" ಅಂತ ಬೇಕಂತಲೇ ಹೇಳಿದ್ದು. ಎರಡು ಕಚ್ಚಿನ ಎನ್‌ವಿಎಂಇ ಕಾರ್ಡ್‌ಗಳೂ ಇವೆ, ತೋಷಿಬಾ ಆರ್‌ಸಿ100, ವೆಸ್ಟರ್ನ್ ಡಿಜಿಟಲ್ ಎಸ್‌ಎನ್520 ಆ ಥರದ್ದು. ಅದಕ್ಕೆ ಕಚ್ಚಿಗಿಂತ ಲೇಬಲ್ ನಂಬಿ. ಸಾಟಾ ಕಾರ್ಡಿನ ಲೇಬಲಲ್ಲಿ ಸಾಟಾ ಅಂತಲೋ 6 ಗಿಗಾಬಿಟ್ ಅಂತಲೋ ಇರುತ್ತೆ. ಎನ್‌ವಿಎಂಇ ಲೇಬಲಲ್ಲಿ ಪಿಸಿಐಇ (ಪಿಸಿಐ ಎಕ್ಸ್‌ಪ್ರೆಸ್ಸೇ), ಜೆನ್ 3, ಎಕ್ಸ್2, ಎಕ್ಸ್4 ಈ ಥರ ಏನಾದ್ರೂ ಸಿಗುತ್ತೆ. ಲೇಬಲ್ ಕಿತ್ತುಹೋಗಿದ್ರೆ ಮಾಡೆಲ್ ನಂಬರ್ ಹುಡುಕಿ. ಅದೂ ಇಲ್ಲ ಅಂದ್ರೆ ಕೊಳ್ಳಬೇಡಿ.

ಕರಿಮೆಣಸು (ಸುಂಟಿಕೊಪ್ಪ)
ಒಪ್ಪಿದೆ, ನಂದು ತಪ್ಪು. ಆದ್ರೆ ಲೆನೊವೊದಲ್ಲಿ ವೈಟ್‌ಲಿಸ್ಟ್ ಅಂತ ಒಂದು ಇದೆಯಲ್ಲ, ಬೇರೆ ಕಂಪನಿ ಕಾರ್ಡ್ ಹಾಕಿದ್ರೆ ಬೂಟೇ ಆಗಲ್ವಂತೆ? ಎಂಸಾಟಾಗೂ ಆ ಕಾಟ ಇದ್ಯಾ?

ಸಾಲ್ಡರ್‌ಸುಬ್ಬ (ಮಡಿಕೇರಿ)
ಇಲ್ಲ. ವೈಟ್‌ಲಿಸ್ಟ್ ಇರೋದು ನೆಟ್‌ವರ್ಕ್ ಕಾರ್ಡಿಗೆ. ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಹಾಕಿದ್ರೆ 1802 ಅಂತ ಎರರ್ ತೋರಿಸಿ ನಿಂತುಬಿಡುತ್ತೆ. ಎಸ್‌ಎಸ್‌ಡಿ ಯಾವ ಕಂಪನೀದಾದ್ರೂ ಕೇಳಲ್ಲ. ಎಕ್ಸ್230, ಟಿ430 ಸಾಲಲ್ಲಿ ಬ್ಯಾಟರಿಗೂ ತಪಾಸಣೆ ಇದೆ, ಎಕ್ಸ್220ಗೆ ಅದೂ ಇಲ್ಲ.

ಕಿತ್ತಳೆಸಿಪ್ಪೆ (ಸಿದ್ದಾಪುರ)
ಎಕ್ಸ್220ರಲ್ಲಿ ಹೊರಗಿಂದ ಕಾರ್ಡ್ ತೂರಿಸೋ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್ ಇದೆಯಲ್ಲಾ, ಅದು ಪಿಸಿಐ ಎಕ್ಸ್‌ಪ್ರೆಸ್ಸೇ. ಅದರಲ್ಲಿ ಈ ಎನ್‌ವಿಎಂಇ ಓಡಿಸಬಹುದಲ್ವಾ? ಅಡಾಪ್ಟರ್ ನೋಡಿದ ನೆನಪು.

ಹಳೇಕೀಲಿಮಣೆ (ವಿರಾಜಪೇಟೆ)
ಓಡುತ್ತೆ, ಮೂರು ತಕರಾರಿನ ಜೊತೆ. ಅಲ್ಲಿರೋದು ಒಂದೇ ಲೇನ್ (ಡೇಟಾ ಹರಿಯೋ ದಾರಿ), ಎರಡನೇ ತಲೆಮಾರಿನದು. ಕಾಗದದ ಮೇಲೆ ಸೆಕೆಂಡಿಗೆ 500 ಎಂಬಿ, ಕೈಗೆ ಸಿಗೋದು 400ರ ಆಸುಪಾಸು. ಎರಡನೇದು ಕರೆಂಟು. ಎಕ್ಸ್‌ಪ್ರೆಸ್‌ಕಾರ್ಡ್ 3.3 ವೋಲ್ಟಲ್ಲಿ ಕೊಡೋದು ಸರಾಸರಿ 1 ಆಂಪಿಯರ್, ತುದಿಗೆ 1.3. ಹಸಿದಿರೋ ಎನ್‌ವಿಎಂಇ ಜೋರಾಗಿ ಬರೆಯೋವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ, ಆಗ ಡ್ರೈವ್ ಮಧ್ಯದಲ್ಲೇ ಮಾಯ ಆಗುತ್ತೆ. ಮೂರನೇದೇ ದೊಡ್ಡದು: ಅದರಿಂದ ಬೂಟ್ ಆಗಲ್ಲ. 2011ರ ಬಯೋಸಿಗೆ (ಮಷಿನ್ ಶುರು ಮಾಡೋ ಒಳಗಿನ ಸಾಫ್ಟ್‌ವೇರ್) ಎನ್‌ವಿಎಂಇ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಆ ಸ್ಪೆಸಿಫಿಕೇಶನ್ನಿನ ಮೊದಲ ಆವೃತ್ತಿ ಬಂದಿದ್ದೇ ಅದೇ ವರ್ಷ.

ಲಿನಕ್ಸ್ ಆದ್ರೆ ಬೂಟ್ ಪಾರ್ಟಿಶನ್ ಮಾತ್ರ ಹಾರ್ಡ್ ಡಿಸ್ಕಲ್ಲೋ ಪೆನ್ ಡ್ರೈವಲ್ಲೋ ಇಟ್ಟು, ಉಳಿದಿದ್ದನ್ನ ಎನ್‌ವಿಎಂಇ ಮೇಲೆ ಇಡಬಹುದು. ಕರ್ನಲ್ ಒಮ್ಮೆ ಲೋಡ್ ಆದ್ರೆ ಬಯೋಸಿನ ಹಂಗಿಲ್ಲ. ವಿಂಡೋಸಿಗೆ ಕ್ಲೋವರ್ ಅನ್ನೋ ಬೂಟ್‌ಲೋಡರನ್ನ ಪೆನ್ ಡ್ರೈವಲ್ಲಿ ಹಾಕಿ ದಾಟಿಸ್ತಾರೆ. ಆದ್ರೆ ದಿನಾ ಕೆಲಸ ಮಾಡೋ ಮಷಿನ್ನಿಗೆ ಈ ಸರ್ಕಸ್ಸು ಬೇಡ. ಪಕ್ಕದಲ್ಲೇ ಸಾಟಾ ಸ್ಲಾಟ್ ಖಾಲಿ ಬಿದ್ದಿರೋವಾಗ ಯಾಕೆ?

ಸಾಲ್ಡರ್‌ಸುಬ್ಬ (ಮಡಿಕೇರಿ)
ಲೆನೊವೊ ಬಯೋಸ್ ಬದಲು ಕೋರ್‌ಬೂಟ್ ಹಾಕಿದ್ರೆ ಬೂಟೂ ಆಗುತ್ತೆ.

ಹಳೇಕೀಲಿಮಣೆ (ವಿರಾಜಪೇಟೆ)
ಎಸ್‌ಎಸ್‌ಡಿ ಕೇಳಿದವರಿಗೆ ಬಯೋಸ್ ಚಿಪ್ಪಿಗೆ ಕ್ಲಿಪ್ ಹಾಕೋದು ಹೇಳಿಕೊಡ್ತಿದ್ದೀರಲ್ಲ ಮಾರಾಯ್ರೇ.

ಏಲಕ್ಕಿಮಲೆ (ಸೋಮವಾರಪೇಟೆ)
ಬೇಡ ಬೇಡ. ಎಂಸಾಟಾನೇ ತಗೋತೀನಿ. ಈಗಲೂ ಹೊಸದು ಸಿಗುತ್ತಾ? ಈ ಎನ್‌ವಿಎಂಇ ಏನು ಮಾಡ್ಲಿ?

ಮೂರನೇಸ್ಕ್ರೂ (ಗೋಣಿಕೊಪ್ಪ)
ಟ್ರಾನ್ಸೆಂಡ್ ಎಂಎಸ್ಎ230ಎಸ್, ಕಿಂಗ್‌ಸ್ಟನ್ ಕೆಸಿ600ರ ಎಂಸಾಟಾ ರೂಪ, ಇವನ್ನ ಹುಡುಕಿ. ಸೆಕೆಂಡ್ ಹ್ಯಾಂಡಲ್ಲಿ ಸ್ಯಾಮ್‌ಸಂಗ್ 860 ಇವೊ ಸಿಕ್ಕಿದ್ರೆ ಅದೂ ಒಳ್ಳೇದೇ. ಹೆಸರೇ ಕೇಳದ ಕಂಪನಿಯ 1 ಟಿಬಿ ಎಂಸಾಟಾ ಅರ್ಧ ರೇಟಿಗೆ ಕಂಡ್ರೆ ದೂರ ಇರಿ. ಯಾವುದೇ ಬಂದ್ರೂ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಪ್ರೋಗ್ರಾಂ ಹಾಕಿ ಪೂರ್ತಿ ಬರೆಸಿ, ಪೂರ್ತಿ ಓದಿಸಿ. ಸುಳ್ಳು ಸೈಜಿನ ಡ್ರೈವ್ ಅಲ್ಲೇ ಸಿಕ್ಕಿಬೀಳುತ್ತೆ.

ಎಂಸಾಟಾ ಸಿಗದೇ ಹೋದ್ರೆ 42 ಮಿ.ಮೀ. ಉದ್ದದ ಎಂ.2 ಸಾಟಾ ಕಾರ್ಡ್ ತಗೊಂಡು ಕರಿಮೆಣಸು ಹೇಳಿದ ಅಡಾಪ್ಟರಲ್ಲಿ ಕೂರಿಸಬಹುದು. 60, 80 ಆಗಲ್ಲ, ಎಂಸಾಟಾದ ಜಾಗವೇ 51 ಮಿ.ಮೀ. ದಪ್ಪನೂ ನೋಡಿ. ಅಡಾಪ್ಟರಿನ ಮೇಲೆ ಕನೆಕ್ಟರ್, ಅದರ ಮೇಲೆ ಕಾರ್ಡ್, ಹೀಗೆ ಎತ್ತರ ಏರಿ ಮೇಲಿನ ಪ್ಲೇಟ್ ಉಬ್ಬಬಾರದು.

ಎನ್‌ವಿಎಂಇನ ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡ್ಕೊಳ್ಳಿ. ರಿಯಲ್‌ಟೆಕ್ ಆರ್‌ಟಿಎಲ್9210ಬಿ ಚಿಪ್ಪಿನ ಕೇಸ್ ಆದ್ರೆ ಸಾಟಾ, ಎನ್‌ವಿಎಂಇ ಎರಡನ್ನೂ ಹಿಡಿಯುತ್ತೆ. ಐ5 ಎಕ್ಸ್220ರಲ್ಲಿ ಇರೋದು ಯುಎಸ್‌ಬಿ 2.0, ಸೆಕೆಂಡಿಗೆ 35-40 ಎಂಬಿ ಮೇಲೆ ನಿರೀಕ್ಷೆ ಬೇಡ. ಯುಎಸ್‌ಬಿ 3.0 ಇದ್ದಿದ್ದು ಐ7ರಲ್ಲಿ, ಅದೂ ಒಂದೇ ಪೋರ್ಟ್.

ಕಿತ್ತಳೆಸಿಪ್ಪೆ (ಸಿದ್ದಾಪುರ)
ಹಾಗಾದ್ರೆ ಎಂಸಾಟಾ ಯಾಕೆ ಬೇಕು? ಆ ಸ್ಲಾಟ್ ಸಾಟಾ 2, ಮುಖ್ಯ ಡಿಸ್ಕಿನ ಜಾಗ ಸಾಟಾ 3. ಹಾರ್ಡ್ ಡಿಸ್ಕ್ ಕಿತ್ತು ಅಲ್ಲಿಗೇ 2.5 ಇಂಚಿನ ಎಸ್‌ಎಸ್‌ಡಿ ಹಾಕಿದ್ರೆ ಎರಡರಷ್ಟು ಸ್ಪೀಡು. ರೇಟೂ ಕಮ್ಮಿ.

ಹಳೇಕೀಲಿಮಣೆ (ವಿರಾಜಪೇಟೆ)
ರೇಟಿನ ಮಾತು ಸರಿ, ಸ್ಪೀಡಿನ ಮಾತು ಅರ್ಧ ಸರಿ. ಸಾಟಾ 2ರಲ್ಲಿ ಸೆಕೆಂಡಿಗೆ 270-280 ಎಂಬಿ, ಸಾಟಾ 3ರಲ್ಲಿ 550. ಇದು ದೊಡ್ಡ ಫೈಲನ್ನ ಒಂದೇ ಸಮನೆ ಓದೋವಾಗಿನ ಲೆಕ್ಕ. ವಿಂಡೋಸ್ ಶುರು ಆಗೋದು, ಬ್ರೌಸರ್ ತೆಗೆಯೋದು ಇವೆಲ್ಲ ಸಾವಿರಾರು ಚಿಕ್ಕ ಚಿಕ್ಕ ಓದು, 4 ಕೆಬಿಯವು. ಅದರಲ್ಲಿ ಸಾಟಾ ಎಸ್‌ಎಸ್‌ಡಿ ಕೊಡೋದೇ 20ರಿಂದ 40 ಎಂಬಿ. ದಾರಿ 280ರದ್ದಾದ್ರೇನು 550ರದ್ದಾದ್ರೇನು, ಗಾಡಿ ಹೋಗೋದು 40ರಲ್ಲಿ. ಹಾರ್ಡ್ ಡಿಸ್ಕ್ ಅದೇ ಕೆಲಸದಲ್ಲಿ 1 ಎಂಬಿನೂ ದಾಟಲ್ಲ, ನಿಮಗೆ ಗೊತ್ತಾಗೋ ವ್ಯತ್ಯಾಸ ಇರೋದು ಅಲ್ಲಿ.

ಕಿತ್ತಳೆಸಿಪ್ಪೆ (ಸಿದ್ದಾಪುರ)
ವಿಡಿಯೋ ಎಡಿಟ್ ಮಾಡೋರಿಗೆ ಗೊತ್ತಾಗುತ್ತೆ.

ಹಳೇಕೀಲಿಮಣೆ (ವಿರಾಜಪೇಟೆ)
ಎಕ್ಸ್220ರಲ್ಲಿ ವಿಡಿಯೋ ಎಡಿಟ್ ಮಾಡೋರಿಗೆ ಡಿಸ್ಕಿಗಿಂತ ಮುಂಚೆ ತಾಳ್ಮೆ ಮುಗಿಯುತ್ತೆ. 2.5 ಇಂಚಿನದು ತಗೊಳ್ಳೋರು ದಪ್ಪ 7 ಮಿ.ಮೀ. ಅಂತ ಖಾತ್ರಿ ಮಾಡ್ಕೊಳ್ಳಿ. ಎಕ್ಸ್220, ಎಕ್ಸ್230 ಎರಡಕ್ಕೂ 9.5ರದ್ದು ಹೋಗಲ್ಲ.

ಸಾಲ್ಡರ್‌ಸುಬ್ಬ (ಮಡಿಕೇರಿ)
ಕೂರಿಸೋ ಕ್ರಮ ಹೇಳ್ತೀನಿ ಏಲಕ್ಕಿಯವರೇ, ಕೇಳ್ಕೊಳ್ಳಿ.

ಬಿಚ್ಚೋಕೆ ಮುಂಚೆ ಎಫ್1 ಒತ್ತಿ ಬಯೋಸಿಗೆ ಹೋಗಿ ಸಾಟಾ ಮೋಡ್ ಎಎಚ್‌ಸಿಐ ಇದೆಯಾ ನೋಡಿ. ವಿಂಡೋಸ್ ಹಾಕಿದ ಮೇಲೆ ಅದನ್ನ ಬದಲಾಯಿಸಿದ್ರೆ ನೀಲಿ ಪರದೆ, 0ಎಕ್ಸ್7ಬಿ ಎರರ್. ಆಮೇಲೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ತಳದಲ್ಲಿ ಕೀಬೋರ್ಡಿನ ಚಿತ್ರ ಇರೋ ಸ್ಕ್ರೂಗಳು ಮೊದಲು, ಆಮೇಲೆ ಪ್ಲೇಟಿನವು. ಕೀಬೋರ್ಡನ್ನ ಪರದೆ ಕಡೆ ಸ್ವಲ್ಪ ತಳ್ಳಿ ಎತ್ತಿ, ಪಟ್ಟಿ ಎಳೀಬೇಡಿ, ಕನೆಕ್ಟರನ್ನ ನೇರ ಮೇಲಕ್ಕೆ ಬಿಡಿಸಿ. ಪ್ಲೇಟಿಗೂ ಒಂದು ಪಟ್ಟಿ ಇದೆ, ಟಚ್‌ಪ್ಯಾಡಿಂದು. ಗಡಿಬಿಡಿಯಲ್ಲಿ ಹರಿಯೋದು ಅದೇ.

ಎಂಸಾಟಾ ಕಾರ್ಡನ್ನ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಒಳಗೆ ಹಾಕಿ. ಚಿನ್ನದ ಗೆರೆ ಹೊರಗೆ ದಪ್ಪಕ್ಕೆ ಕಾಣ್ತಿದ್ರೆ ಪೂರ್ತಿ ಹೋಗಿಲ್ಲ. ಕೆಳಗೊತ್ತಿ ಎರಡು ಸ್ಕ್ರೂ, ಎಂ2 ಅಳತೆ, 3 ಮಿ.ಮೀ. ಉದ್ದ. ಉದ್ದದ ಸ್ಕ್ರೂ ಹಾಕಿದ್ರೆ ಬೋರ್ಡಿಗೆ ತಾಗುತ್ತೆ.

ಇನ್ನು ವಿಂಡೋಸ್ ಹಾಕೋವಾಗ ಹಾರ್ಡ್ ಡಿಸ್ಕ್ ಹೊರಗೆ ತೆಗೆದಿಡಿ. ಇದು ಮರೆತ್ರೆ ವಿಂಡೋಸ್ ಎಂಸಾಟಾಗೆ ಹೋಗಿ, ಬೂಟ್ ಫೈಲು ಮಾತ್ರ ಹಳೇ ಡಿಸ್ಕಲ್ಲಿ ಕೂತಿರುತ್ತೆ. ಆ ಡಿಸ್ಕ್ ಸತ್ತ ದಿನ ಎಸ್‌ಎಸ್‌ಡಿನೂ ಏಳಲ್ಲ. ಎಲ್ಲಾ ಆದ ಮೇಲೆ ಡಿಸ್ಕ್ ವಾಪಸ್ ಹಾಕಿ, ಬೂಟ್ ಪಟ್ಟಿಯಲ್ಲಿ ಎಂಸಾಟಾನ ಮೇಲಕ್ಕೆ ತನ್ನಿ.

ಮಳೆಗಾಲ365 (ಭಾಗಮಂಡಲ)
ಒಂದು ಮಾತು ಸೇರಿಸ್ತೀನಿ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಗೋಡೆನೇ ಬೆವರುತ್ತೆ. ಹತ್ತು ಹನ್ನೆರಡು ವರ್ಷ ಖಾಲಿ ಬಿದ್ದಿದ್ದ ಸ್ಲಾಟಲ್ಲಿ ಪಿನ್ನುಗಳು ಮಂಕಾಗಿರ್ತವೆ. ಕಾರ್ಡ್ ಒಮ್ಮೆ ಕಾಣಿಸಿ ಒಮ್ಮೆ ಮಾಯ ಆದ್ರೆ ಕಾರ್ಡಿಗೆ ಬೈಯೋ ಮೊದಲು ಸ್ಲಾಟ್ ಕ್ಲೀನ್ ಮಾಡಿ. ಪೆನ್ಸಿಲ್ ರಬ್ಬರ್ ಸಾಕು.

ಮೂರನೇಸ್ಕ್ರೂ (ಗೋಣಿಕೊಪ್ಪ)
ರಬ್ಬರ್ ಬೇಡ ದಯವಿಟ್ಟು! ಚಿನ್ನದ ಲೇಪ ತೀರಾ ತೆಳು, ರಬ್ಬರ್ ಅದನ್ನ ಉಜ್ಜಿ ತೆಗೆಯುತ್ತೆ, ಪುಡಿ ಸ್ಲಾಟೊಳಗೆ ಉಳಿಯುತ್ತೆ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಅಷ್ಟೇ. ಸ್ಲಾಟಿಗಾದ್ರೆ ಕಾರ್ಡಿನ ಪಿನ್ನಿಗೆ ಆಲ್ಕೋಹಾಲ್ ಸವರಿ ನಾಲ್ಕೈದು ಸಲ ಹಾಕಿ ತೆಗೀರಿ. ಪೂರ್ತಿ ಆರಿದ ಮೇಲೆ ಕರೆಂಟು ಕೊಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎರಡೂ ಇರ್ತವೆ.

ಕರಿಮೆಣಸು (ಸುಂಟಿಕೊಪ್ಪ)
ನಮ್ಮ ಕೊಡಗಿನ ಹುಳಿ, ಕಾಚಂಪುಳಿ?

ಮೂರನೇಸ್ಕ್ರೂ (ಗೋಣಿಕೊಪ್ಪ)
ಅದು ಪಂದಿಕರಿಗೆ (ಹಂದಿ ಸಾರಿಗೆ) ಅಣ್ಣಾ. ಆ ಹುಳಿ ತಾಮ್ರದ ಪಾತ್ರೆ ಬೆಳಗಬಹುದು, ಬೋರ್ಡಿನ ತಾಮ್ರವನ್ನ ತಿನ್ನುತ್ತೆ.

ಮಳೆಗಾಲ365 (ಭಾಗಮಂಡಲ)
ಸರಿ, ರಬ್ಬರ್ ವಾಪಸ್ ತಗೊಂಡೆ. ಆದ್ರೆ ಇನ್ನೊಂದು ವಾಪಸ್ ತಗೊಳ್ಳಲ್ಲ: ಬ್ಯಾಟರಿ. ಹಳೇ ಲ್ಯಾಪ್‌ಟಾಪ್ ಅಂದ್ರೆ ಬ್ಯಾಟರಿ ಸತ್ತಿರುತ್ತೆ, ಜನ ಚಾರ್ಜರ್ ಮೇಲೆ ನೇರ ಓಡಿಸ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಮಷಿನ್ ಪಟ್ ಅಂತ ಆಫ್. ಹಾರ್ಡ್ ಡಿಸ್ಕ್ ಇದನ್ನ ಒಂದಷ್ಟು ಕಾಲ ತಡ್ಕೋತಿತ್ತು. ಎಸ್‌ಎಸ್‌ಡಿಯೊಳಗೆ ಯಾವ ಡೇಟಾ ಯಾವ ಸೆಲ್ಲಲ್ಲಿದೆ ಅನ್ನೋ ಪಟ್ಟಿಯನ್ನ ಕಂಟ್ರೋಲರ್ ಸದಾ ತಿದ್ದುತ್ತಿರುತ್ತೆ. ಆ ಪಟ್ಟಿ ಬರೆಯೋ ಕ್ಷಣದಲ್ಲಿ ಕರೆಂಟು ಹೋದ್ರೆ ಒಂದು ಫೈಲಲ್ಲ, ಇಡೀ ಡ್ರೈವೇ ಕಾಣದೇ ಹೋಗಬಹುದು. ಎಸ್‌ಎಸ್‌ಡಿ ಕೊಳ್ಳೋ ಮೊದಲು ಒಂದು ಬ್ಯಾಟರಿ, ಇಲ್ಲಾಂದ್ರೆ 600 ವಿಎ ಯುಪಿಎಸ್. 65 ವಾಟಿನ ಚಾರ್ಜರಿಗೆ ಅದು ಧಾರಾಳ.

ಎಷ್ಟು ಸಲ ಹೀಗೆ ಆಗಿದೆ ಅಂತ ಡ್ರೈವೇ ಲೆಕ್ಕ ಇಡುತ್ತೆ. ಸ್ಮಾರ್ಟ್ (ಡ್ರೈವಿನ ಆರೋಗ್ಯದ ಲೆಕ್ಕ) ಪಟ್ಟಿಯಲ್ಲಿ 174 ಅಥವಾ 192ನೇ ಸಾಲು ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗಲೂ ಅದನ್ನೇ ಮೊದಲು ನೋಡಬೇಕು.

ಹಳೇಕೀಲಿಮಣೆ (ವಿರಾಜಪೇಟೆ)
ಇದು ಈ ಚರ್ಚೆಯಲ್ಲೇ ಕೆಲಸಕ್ಕೆ ಬರೋ ಮಾತು. ಸ್ಲಾಟ್ ಗಲಾಟೆಯಲ್ಲಿ ನಾವೆಲ್ಲ ಇದನ್ನ ಮರೆತಿದ್ವಿ.

ಕೊಡೆಮರೆತೆ (ಕುಶಾಲನಗರ)
ಮಧ್ಯೆ ಬಾಯಿ ಹಾಕ್ತೀನಿ. ಥಿಂಕ್‌ಪ್ಯಾಡ್ ಟಿ480ರಲ್ಲೂ ಇದೇ ಥರ ಸಿಮ್ ಮೋಡೆಮಿನ ಸ್ಲಾಟ್ ಇದೆ. ಅದಕ್ಕೆ 42 ಮಿ.ಮೀ. ಸಾಟಾ ಕಾರ್ಡ್ ಹಾಕಿದ್ರೆ ಕಾಣಿಸ್ತಿಲ್ಲ. ಎಕ್ಸ್240ರಲ್ಲಿ ಅದೇ ಕಾರ್ಡ್ ಓಡುತ್ತೆ. ಕಾರ್ಡ್ ಸರಿ ಇದೆ ಅಂತಾಯ್ತಲ್ಲ?

ಸಾಲ್ಡರ್‌ಸುಬ್ಬ (ಮಡಿಕೇರಿ)
ಕಾರ್ಡ್ ಸರಿ ಇದೆ, ಲ್ಯಾಪ್‌ಟಾಪೂ ಸರಿ ಇದೆ. ಜೋಡಿ ತಪ್ಪು. ಎಕ್ಸ್240, ಟಿ440ಎಸ್ ಕಾಲದ ಆ ಸ್ಲಾಟಿಗೆ ಸಾಟಾ ಬರುತ್ತೆ. ಟಿ480ಗೆ ಬರೋ ಹೊತ್ತಿಗೆ ಅದೇ ಆಕಾರದ ಸ್ಲಾಟಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಎರಡು ಲೇನ್, ಸಾಟಾ ಇಲ್ಲ. ಅಲ್ಲಿಗೆ ಬೇಕಾಗಿರೋದು 42 ಮಿ.ಮೀ. ಎನ್‌ವಿಎಂಇ, ಅದೂ *ಎರಡು ಕಚ್ಚಿನದು*. ಸ್ಲಾಟ್ ಬಿ ಕೀ ಆಗಿರೋದ್ರಿಂದ ಎಂ ಕೀ ಒಂದೇ ಇರೋದು ಹೋಗಲ್ಲ. ಮೂರನೇಸ್ಕ್ರೂ ಮೇಲೆ ಹೇಳಿದ ಎಸ್‌ಎನ್520, 42ರ ಅಳತೆಯದ್ದು ಹುಡುಕಿ. ಎಸ್‌ಎನ್530 ಅಂತ ಕೊಟ್ರೆ ಬೇಡ ಅನ್ನಿ, ಅದು ಎಂ ಕೀ.

ಕೊಡೆಮರೆತೆ (ಕುಶಾಲನಗರ)
ಒಂದು ನಂಬರಲ್ಲಿ ಇಷ್ಟು ವ್ಯತ್ಯಾಸನಾ! ಥ್ಯಾಂಕ್ಸ್ ಅಣ್ಣ.

ಬೆಳ್ಳಿಸೇಬು (ಪೊನ್ನಂಪೇಟೆ)
2013ರ ಮ್ಯಾಕ್‌ಬುಕ್ ಏರಿಗೆ?

ಹಳೇಕೀಲಿಮಣೆ (ವಿರಾಜಪೇಟೆ)
ಅದರ ಕನೆಕ್ಟರ್ ಆಪಲ್ಲಿನದೇ, 12+16 ಪಿನ್. ಆದ್ರೆ ಹರಿಯೋದು ಪಿಸಿಐ ಎಕ್ಸ್‌ಪ್ರೆಸ್, ಹಾಗಾಗಿ ಚಿಕ್ಕ ಅಡಾಪ್ಟರ್ ಹಾಕಿ ಮಾಮೂಲಿ ಎನ್‌ವಿಎಂಇ ಓಡಿಸಬಹುದು. ಹಳೇ ಡಿಸ್ಕ್ ತೆಗೆಯೋ *ಮುಂಚೆ* ಮ್ಯಾಕ್‌ಒಎಸ್ 10.13 ಅಥವಾ ಮೇಲಿನದಕ್ಕೆ ಏರಿಸಿ, ಬೂಟ್ ರಾಮ್ (ಮ್ಯಾಕಿನ ಬಯೋಸ್ ಥರದ್ದು) ಅಪ್‌ಡೇಟ್ ಅದರ ಜೊತೆಗೇ ಬರೋದು. 2013-14ರ ಮಷಿನ್ನುಗಳು ಹೈಬರ್ನೇಟಿಂದ ಏಳೋವಾಗ ಕೈಕೊಡ್ತವೆ, ಹೈಬರ್ನೇಟ್ ಮೋಡನ್ನ 0 ಮಾಡಿಡಿ. 2010ರಿಂದ 2012ರ ತನಕದ ಏರುಗಳು ಸಾಟಾ, ಅವಕ್ಕೆ ಈ ಅಡಾಪ್ಟರ್ ಬೇಡ.

ಕಿತ್ತಳೆಸಿಪ್ಪೆ (ಸಿದ್ದಾಪುರ)
ವಿಷಯಕ್ಕೆ ಬಂದ್ರೆ, ಏಲಕ್ಕಿಯವರೇ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11 ಈ ಮಷಿನ್ನಿಗೆ ಅಧಿಕೃತವಾಗಿ ಹೋಗಲ್ಲ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಕೂಡ ಪಟ್ಟಿಯಲ್ಲಿಲ್ಲ. ಹೇಗೂ ಹೊಸದಾಗಿ ಹಾಕ್ತಿದ್ದೀರಿ, ಲಿನಕ್ಸ್ ಮಿಂಟ್ ನೋಡಿ.

ಕರಿಮೆಣಸು (ಸುಂಟಿಕೊಪ್ಪ)
ಬಂತು ನೋಡಿ ಲಿನಕ್ಸ್. ನುಡಿ ಫಾಂಟಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನ ಯಾರು ತೆಗೀತಾರೆ ಅಲ್ಲಿ?

ಕಿತ್ತಳೆಸಿಪ್ಪೆ (ಸಿದ್ದಾಪುರ)
ಫಾಂಟ್ ಫೈಲ್ ಕಾಪಿ ಮಾಡಿದ್ರೆ ಲಿಬ್ರೆಆಫೀಸಲ್ಲಿ ಕಾಣುತ್ತೆ. ಹೇಗೂ ಒಂದಲ್ಲ ಒಂದಿನ ಅವನ್ನ ಯೂನಿಕೋಡಿಗೆ ತರಲೇಬೇಕು. ಅದಕ್ಕೆ ಬೇರೆ ಚರ್ಚೆ ತೆಗೀರಿ, ಬರ್ತೀನಿ.

ಏಲಕ್ಕಿಮಲೆ (ಸೋಮವಾರಪೇಟೆ)
ಎಲ್ಲರಿಗೂ ಥ್ಯಾಂಕ್ಸ್. 256 ಜಿಬಿ ಎಂಸಾಟಾ ಒಂದು, ಬ್ಯಾಟರಿ ಒಂದು, ಆಲ್ಕೋಹಾಲ್ ಬಾಟ್ಲಿ ಒಂದು ಬರ್ಕೊಂಡೆ. ಕೊನೇ ಪ್ರಶ್ನೆ: ಆ ಸ್ಲಾಟಿನ ಹತ್ತಿರ ಕೆಂಪು, ನೀಲಿ ಎರಡು ತೆಳು ವೈರ್ ಸುಮ್ನೆ ಬಿದ್ದಿವೆ, ತುದಿಯಲ್ಲಿ ಚಿನ್ನದ ಬಟನ್ ಥರ. ಕತ್ತರಿಸಿ ಬಿಡ್ಲಾ?

ಸಾಲ್ಡರ್‌ಸುಬ್ಬ (ಮಡಿಕೇರಿ)
ಕತ್ತರಿಸಬೇಡಿ, 3ಜಿ ಆಂಟೆನಾ ಅವು. ಎಸ್‌ಎಸ್‌ಡಿಗೆ ಬೇಕಾಗಲ್ಲ, ಆದ್ರೆ ತುದಿ ಲೋಹ, ಬೋರ್ಡಿಗೆ ತಾಗಿದ್ರೆ ಶಾರ್ಟ್. ಒಂದೊಂದು ತುದಿಗೂ ಬೇರೆ ಬೇರೆ ಕ್ಯಾಪ್ಟಾನ್ ಟೇಪ್ (ಕರೆಂಟು ಹರಿಯದ ಟೇಪ್) ಸುತ್ತಿ ಪಕ್ಕಕ್ಕೆ ಮಡಚಿಡಿ, ಕಾರ್ಡಿನ ಕೆಳಗೆ ಸಿಕ್ಕಿಸಬೇಡಿ. ಬೂದು, ಕಪ್ಪು ವೈರ್ ವೈಫೈದು, ಅವನ್ನ ಮುಟ್ಟಲೇಬೇಡಿ.